ಕಣ್ಣು ಬರೆಯದ ಕುಟ್ರುಹಕ್ಕಿ

ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಒಂದು ಕುಟ್ರುಹಕ್ಕಿಯ ಚಿತ್ರವಿದೆ. ಎದುರಿಗೆ ಗಾಜು, ಹಿಂದೆ ದಪ್ಪ ರಟ್ಟು, ಸುತ್ತಲೂ ಗಾಳಿ ನುಸುಳದಂತೆ ನಾನೇ ಹಚ್ಚಿದ ಅಂಟುಪಟ್ಟಿ. ಮನೆಗೆ ಬಂದವರು ಮೊದಲು ಆ ಹಕ್ಕಿಯ ಹಸಿರನ್ನು ಹೊಗಳುತ್ತಾರೆ. ಆಮೇಲೆ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, "ಇದೆಂತ, ಕಣ್ಣು ಬರೀಲೇ ಇಲ್ಲ?" ಎಂದು ಕೇಳುತ್ತಾರೆ. ಬಣ್ಣ ತುಂಬಿದವರು ಅಷ್ಟರಲ್ಲಿ ತೀರಿಕೊಂಡರು, ಮುಗಿಸಲಿಕ್ಕೆ ಆಗಲಿಲ್ಲ ಎಂದು ನಾನು ಹೇಳುತ್ತೇನೆ. ಅವರು ತೀರಿಕೊಂಡದ್ದು ನಿಜ. ಮುಗಿಸಲಿಕ್ಕೆ ಆಗಲಿಲ್ಲ ಎಂಬುದು ಸುಳ್ಳು. ಮೊನ್ನೆ ಅವರ ವರ್ಷದ ಪೂಜೆಗೆ ಇಗರ್ಜಿಗೆ ಹೋಗಿ ಬಂದ ಮೇಲೆ ಈ ಸುಳ್ಳನ್ನು ಇನ್ನೊಂದು ಸಲ ಹೇಳುವುದು ಬೇಡ ಅನ್ನಿಸಿತು.

ಅವರ ಹೆಸರು ಬರೆಯುವುದಿಲ್ಲ. ಪಡೀಲಿನ ನಮ್ಮ ಓಣಿಯಲ್ಲಿ ಅವರು ಎಲ್ಲರಿಗೂ ಟೀಚರ್. ಮೀನಿನವಳಿಗೂ ಟೀಚರ್, ಪೋಸ್ಟ್‌ಮ್ಯಾನಿಗೂ ಟೀಚರ್, ಇಗರ್ಜಿಯ ಪಾದ್ರಿಗಳಿಗೂ ಟೀಚರ್. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ನಮ್ಮ ಪಕ್ಕದ ಮನೆ ತೆಗೆದುಕೊಂಡು ಬಂದರು. ಮದುವೆಯಾಗಿರಲಿಲ್ಲ. ಒಬ್ಬಳು ತಂಗಿ ಕುವೈತಿನಲ್ಲಿ ನರ್ಸ್. ಮೀನಿನವಳೊಡನೆ ತುಳು, ದೇವರೊಡನೆ ಕೊಂಕಣಿ, ನನ್ನೊಡನೆ ಮಾತ್ರ ಕನ್ನಡ ಮಾತಾಡುತ್ತಿದ್ದರು. ಇಬ್ಬರಿಗೂ ತುಳು ಚೆನ್ನಾಗಿಯೇ ಬರುತ್ತಿತ್ತು. ಆದರೂ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲೆಕ್ಚರರ್ ಎಂಬ ಒಂದೇ ಕಾರಣಕ್ಕೆ ಅವರು ಕನ್ನಡ ಬಿಡಲಿಲ್ಲ. ಆ ಮರ್ಯಾದೆ ನನಗೂ ಹಿತವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಗಿಡ್ಡ ಆಳು, ಹತ್ತಿಯ ಸೀರೆ, ಸೆರಗಿಗೆ ಯಾವಾಗಲೂ ಒಂದು ಪಿನ್ನು. ನಡೆಯುವಾಗ ತಲೆ ಸ್ವಲ್ಪ ಓರೆ. ಯಾವ ವಸ್ತುವನ್ನು ನೋಡಿದರೂ ಮೊದಲು ಅದರ ಬಣ್ಣದ ಬಗ್ಗೆ ತಕರಾರು. ನಮ್ಮ ಮನೆಗೆ ಹೊಸದಾಗಿ ಬಣ್ಣ ಹೊಡೆಸಿದಾಗ ಗೇಟಿನಲ್ಲೇ ನಿಂತು, "ಸರ್, ಇದು ಹಳದಿ ಅಲ್ಲ ಮಾರಾಯ್ರೆ, ಇದು ಕಾಮಾಲೆ" ಎಂದರು. ನನ್ನ ಹೆಂಡತಿ ಒಂದು ವಾರ ಅವರ ಜೊತೆ ಮಾತು ಬಿಟ್ಟಳು. ಎಂಟನೆಯ ದಿನ ಟೀಚರೇ ಒಂದು ತಟ್ಟೆ ಇಡ್ಲಿಯಂಥ ಸನ್ನಾಸ್ ಹಿಡಿದುಕೊಂಡು ಬಂದು, "ಕಾಮಾಲೆ ಈಗ ಸ್ವಲ್ಪ ಇಳಿದಿದೆ" ಎಂದ ಮೇಲೆ ಇಬ್ಬರೂ ರಾಜಿಯಾದರು.

ಹಕ್ಕಿಗಳು ಬಂದದ್ದು ಆಮೇಲೆ. ಕುದ್ರೋಳಿಯಲ್ಲಿ ಹಳೆಯ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ, ಎಲ್ಲರೂ ಕಾಕ ಎನ್ನುತ್ತಿದ್ದ ಒಬ್ಬರ ಮಗಳಿಗೆ ಟೀಚರ್ ಶಾಲೆಯಲ್ಲಿ ಕಲಿಸಿದ್ದರಂತೆ. ಆ ನೆನಪಿನಲ್ಲಿ ಕಾಕ ಒಂದು ದಿನ ಟೆಂಪೋದಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ ತಂದಿಳಿಸಿದರು. ಘಟ್ಟದ ಮೇಲಿನ ಯಾವುದೋ ಕಾಫಿ ತೋಟದ ಬಂಗಲೆ ಖಾಲಿ ಮಾಡುವಾಗ ಸಿಕ್ಕಿದ್ದು. ಒಳಗೆ ನೂರಾರು ಹಾಳೆಗಳು, ಒಂದೊಂದರಲ್ಲೂ ಒಂದೊಂದು ಹಕ್ಕಿ. ತಾಮ್ರದ ತಗಡಿನ ಮೇಲೆ ಸೂಜಿಯಂಥ ಉಳಿಯಿಂದ ಗೆರೆ ಕೊರೆದು, ಆ ಗೆರೆಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಬಹಳ ಹಳೆಯ ಚಿತ್ರಗಳು. ಒತ್ತಿದಾಗ ಬರುವುದು ಕಪ್ಪು ಗೆರೆ ಮಾತ್ರ. ಬಣ್ಣವನ್ನು ಆಮೇಲೆ ಒಂದೊಂದು ಹಾಳೆಗೂ ಕೈಯಲ್ಲಿ ತುಂಬಬೇಕು. ಪ್ರತಿ ಹಕ್ಕಿಗೂ ಬಣ್ಣ ತುಂಬಿದ ಒಂದು ಮಾದರಿ ಹಾಳೆ ಇತ್ತು. ಉಳಿದ ಪ್ರತಿಗಳಿಗೆ ಬಣ್ಣ ತುಂಬುವ ಮೊದಲೇ ಯಾರಿಗೋ ಏನೋ ಆಗಿ ಕೆಲಸ ನಿಂತುಹೋಗಿತ್ತು.

"ಟೀಚರ್, ನೀವು ಇದಕ್ಕೆ ಬಣ್ಣ ಹಾಕಿ ಕೊಡಿ, ನಾನು ಚಂದ ಫ್ರೇಮ್ ಹಾಕಿಸ್ತೇನೆ" ಎಂದರು ಕಾಕ. "ಇಂಥದ್ದಕ್ಕೆ ಈಗ ಹೋಟೆಲಿನವರು, ಹೋಮ್‌ಸ್ಟೇಯವರು ಬಿದ್ದು ಸಾಯ್ತಾರೆ."

ಆ ಮಾತಿಗೆ ಆಗ ನಾವೆಲ್ಲ ನಕ್ಕೆವು.

ಟೀಚರಿಗೆ ಆ ಪೆಟ್ಟಿಗೆ ಎರಡನೆಯ ಆಯುಷ್ಯ ಕೊಟ್ಟಿತು. ಬಡಗು ಕಡೆಯ ಕಿಟಕಿಯ ಕೆಳಗೆ ಮೇಜು ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ ಕೂತರೆ ಮಧ್ಯಾಹ್ನದ ಗಂಜಿಗೇ ಏಳುವುದು. ಮಾದರಿ ಹಾಳೆಯ ಬಣ್ಣಕ್ಕೆ ತನ್ನ ಬಣ್ಣ ಸರಿಯಾಗಿ ಕೂಡಿಬರಬೇಕು, ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಆಗಬಾರದು. ನಮ್ಮ ಸೀಮೆಯ ಹಕ್ಕಿಯಾದರೆ ಮಾದರಿಯನ್ನೂ ನಂಬುತ್ತಿರಲಿಲ್ಲ. ಹಾಳೆ ಹಿಡಿದುಕೊಂಡು ಹಿತ್ತಲಿನ ಅತ್ತಿಮರದ ಬುಡದಲ್ಲಿ ನಿಂತು, ಹಣ್ಣು ತಿನ್ನಲು ಬಂದ ಕುಟ್ರುವಿನ ಜೊತೆ ಹೋಲಿಸಿ ನೋಡುತ್ತಿದ್ದರು. ದೂರದ ಕಾಡುಗಳ ಹಕ್ಕಿಗಳೂ ಪೆಟ್ಟಿಗೆಯಲ್ಲಿದ್ದವು. ಕೊಕ್ಕೇ ಮೈಯಷ್ಟು ದೊಡ್ಡದಿದ್ದ ಒಂದನ್ನು ತೋರಿಸಿ, "ಇದನ್ನು ನಾನು ನೋಡಿಲ್ಲ, ಮಾದರಿ ಬರೆದವ ಸಹ ನೋಡಿದ್ದು ಡೌಟು" ಎನ್ನುತ್ತಿದ್ದರು. ಆ ಗೆರೆ ಕೊರೆದ ಅಜ್ಞಾತನ ಬಗ್ಗೆ ಮಾತ್ರ ಬಹಳ ಗೌರವ. "ಗೆರೆ ಅವನದ್ದು ಸರ್, ಬಣ್ಣ ನನ್ನದು. ಅವ ಗೆರೆಯ ಒಳಗೆ ಬಿಟ್ಟ ಜಾಗದಲ್ಲಿ ನಾನು ಇರ್ಬೇಕು, ಹೊರಗೆ ಬರ್ಲಿಕ್ಕಿಲ್ಲ."

ಕಣ್ಣನ್ನು ಅವರು ಕೊನೆಗೆ ಬರೆಯುತ್ತಿದ್ದರು. ಗೆರೆಯವ ಅಲ್ಲಿ ಬರೀ ಒಂದು ಉಂಗುರ ಬಿಟ್ಟಿರುತ್ತಿದ್ದ. ಟೀಚರ್ ಅದಕ್ಕೆ ಕಂದು ತುಂಬಿ, ಕಪ್ಪು ಇಟ್ಟು, ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಒಂದು ಬಿಳಿ ಚುಕ್ಕಿ ಇಡುತ್ತಿದ್ದರು. ಇಟ್ಟ ಕೂಡಲೇ ಹಿಂದಕ್ಕೆ ಒರಗಿ, "ಹಾಂ, ಈಗ ನೋಡ್ತದೆ" ಎನ್ನುತ್ತಿದ್ದರು. ನಿಜಕ್ಕೂ ಅದು ನೋಡುತ್ತಿತ್ತು. ಹಾಳೆ ಒಣಗುವವರೆಗೆ ಅದರ ಮೇಲೊಂದು ತೆಳು ಬಟ್ಟೆ ಮುಚ್ಚಿ ಇಡುತ್ತಿದ್ದರು. ಧೂಳು ಕೂರಬಾರದು ಎಂದು ಹೇಳುತ್ತಿದ್ದರೂ, ಅವರಿಗೆ ಅಷ್ಟು ಕಣ್ಣುಗಳ ನಡುವೆ ಊಟ ಮಾಡುವುದು ಕಷ್ಟವಾಗುತ್ತಿತ್ತು ಎಂದು ನನ್ನ ಗುಮಾನಿ.

ಇನ್ನೊಂದು ಅಭ್ಯಾಸ ಅವರ ಶಾಲೆಯ ದಿನಗಳಿಂದಲೂ ಬಂದದ್ದು. ಬ್ರಶ್ಶಿನ ತುದಿ ಸೂಜಿಯಂತಿರಬೇಕು. ನೀರಲ್ಲಿ ಅದ್ದಿದರೆ ಬಣ್ಣ ತೆಳುವಾಗುತ್ತದೆ, ಬಟ್ಟೆಗೆ ಒರೆಸಿದರೆ ಬಣ್ಣ ಬಟ್ಟೆಗೆ ಹೋಗುತ್ತದೆ. ಅದಕ್ಕೆ ತುಟಿಗಳ ನಡುವೆ ಇಟ್ಟು, ಸ್ವಲ್ಪ ತಿರುಗಿಸಿ, ಎಳೆಯುವುದು. ಒಂದು ಗರಿಗೆ ಒಂದು ಸಲ. ಎರಡು ಪೀಳಿಗೆಯ ಹುಡುಗಿಯರಿಗೆ ಹಾಗೆಯೇ ಕಲಿಸಿದ್ದರು. ಶಾಲೆಯ ಬಣ್ಣದ ಬಿಲ್ಲೆಗಳಿಂದ ಯಾರಿಗೂ ಏನೂ ಆಗಿರಲಿಲ್ಲ. ತುಟಿ ಒಂದಿಷ್ಟು ನೀಲಿಯೋ ಕೆಂಪೋ ಆಗುತ್ತಿತ್ತು, ತೊಳೆದರೆ ಹೋಗುತ್ತಿತ್ತು.

ಪೆಟ್ಟಿಗೆಯ ಹಕ್ಕಿಗಳಲ್ಲಿ ಅರ್ಧಕ್ಕರ್ಧ ಹಸಿರು. ಗಿಳಿ, ಕುಟ್ರು, ಎಲೆಹಕ್ಕಿ, ಕಳ್ಳಿಪೀರ, ಹಸಿರು ಪಾರಿವಾಳ. ಅಂಗಡಿಯಲ್ಲಿ ಸಿಗುವ ಯಾವ ಹಸಿರೂ ಮಾದರಿಯ ಹಸಿರಿಗೆ ಕೂಡಿಬರಲಿಲ್ಲ. ಟೀಚರ್ ಮೂರು ತಿಂಗಳು ಒದ್ದಾಡಿದರು. ಕಡೆಗೆ ಪೆಟ್ಟಿಗೆಯ ತಳದಲ್ಲಿ, ಹುಲ್ಲು ತುಂಬಿದ ಒಂದು ಖಾನೆಯಲ್ಲಿ, ಬೆಂಡಿನ ಬಿರಡೆ ಹಾಕಿದ ದಪ್ಪ ಗಾಜಿನ ಬಾಟ್ಲಿ ಸಿಕ್ಕಿತು. ಚೀಟಿಯನ್ನು ಬೆಳ್ಳಿಹುಳ ತಿಂದುಹಾಕಿತ್ತು. ಒಳಗಿನ ಪುಡಿಯನ್ನು ಗೋಂದಿನ ನೀರಲ್ಲಿ ಅರೆದು ಹಚ್ಚಿದರೆ ಅದೇ ಹಸಿರು, ಮಾದರಿಯದ್ದೇ.

ಅವತ್ತು ಸಂಜೆ ನಾಲ್ಕಕ್ಕೆ ಟೀಚರ್ ನನ್ನನ್ನು ಚಾಕ್ಕೆ ಕರೆದರು. ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಎದುರಿಗಿಟ್ಟರು.

"ಸರ್, ನೀವು ಕೆಮಿಸ್ಟ್ರಿಯವರು ಅಲ್ವಾ. ಇದು ಎಂತದ್ದರಿಂದ ಮಾಡಿದ್ದು ಅಂತ ಹೇಳ್ಲಿಕ್ಕೆ ಆಗ್ತದಾ? ನನಗೆ ಬ್ರಶ್ ಬಾಯಿಗೆ ಹಾಕುವ ಅಭ್ಯಾಸ ಉಂಟು. ಹಳೆ ಕಾಲದ ಬಣ್ಣ, ನಮಗೆ ಗೊತ್ತಿಲ್ಲ ನೋಡಿ. ಹಾಗೆ ಕೇಳಿದ್ದು."

ಕೇಳಿದ ಪ್ರಶ್ನೆಗೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನನಗಿರಲಿಲ್ಲ. ಇಪ್ಪತ್ತೈದು ವರ್ಷ ಪಾಠ ಹೇಳಿದವನಿಗೆ ಬರುವ ರೋಗ ಅದು. ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಮ್ಮೆ ಅಲ್ಲಾಡಿಸಿ, ಗಂಭೀರವಾಗಿ, "ತಾಮ್ರ, ಟೀಚರ್" ಎಂದೆ. "ಕಾಪರ್ ಸಾಲ್ಟ್. ಹಸಿರು, ನೀಲಿ ಎಲ್ಲ ತಾಮ್ರದ್ದೇ ಆಟ."

"ಬಾಯಿಗೆ ಹೋದ್ರೆ?"

"ಎಂತ ಆಗುದಿಲ್ಲ. ತಾಮ್ರದ ಚೊಂಬಿನಲ್ಲಿ ನೀರಿಟ್ಟು ಕುಡೀತಾರಲ್ಲ ಜನ? ಒಳ್ಳೇದೇ ಅದು ಶರೀರಕ್ಕೆ."

ಟೀಚರ್ ನಕ್ಕರು. ನಾನೂ ನಕ್ಕೆ. ತಾಮ್ರದ ಚೊಂಬೂ ತಾಮ್ರದ ಲವಣವೂ ಒಂದೇ ಅಲ್ಲ ಎಂದು ನನ್ನ ಪಿಯುಸಿ ವಿದ್ಯಾರ್ಥಿಗಳಿಗೂ ಗೊತ್ತಿತ್ತು. ಅದನ್ನು ಬಿಡಿ, ಹಸಿರಿನಲ್ಲಿ ತಾಮ್ರದ ಜೊತೆ ಇನ್ನೇನಿದೆ ಎಂದು ನೋಡಲು ನನ್ನ ಲ್ಯಾಬಿನಲ್ಲಿ ಅರ್ಧ ಗಂಟೆ ಸಾಕಾಗುತ್ತಿತ್ತು. ಚಾ ಚೆನ್ನಾಗಿತ್ತು. ಇನ್ನೊಂದು ಲೋಟ ಕುಡಿದು ಮನೆಗೆ ಬಂದೆ.

ಆಮೇಲೆ ಟೀಚರ್ ಯಾರು ಕೇಳಿದರೂ "ತಾಮ್ರದ್ದು, ಸರ್ ಹೇಳಿದ್ದಾರೆ" ಎನ್ನತೊಡಗಿದರು. ನನ್ನ ಮಾತು ಓಣಿಯಲ್ಲೆಲ್ಲ ಸರ್ಟಿಫಿಕೇಟಿನ ಹಾಗೆ ಓಡಾಡಿತು. ಕಾಕ ವಾರಕ್ಕೊಮ್ಮೆ ಬಂದು ಮುಗಿದ ಹಕ್ಕಿಗಳನ್ನು ಒಯ್ಯುತ್ತಿದ್ದರು. ಬಜಪೆಯ ದಾರಿಯ ಹೋಟೆಲಿನಲ್ಲಿ, ಮದುವೆ ಹಾಲಿನಲ್ಲಿ, ವಕೀಲರ ಆಫೀಸಿನಲ್ಲಿ ಟೀಚರ ಗಿಳಿಗಳು ಕೂತವು. ಎಲ್ಲಿಗೆ ಹೋದರೂ ಒಂದು ಹಸಿರು ಹಕ್ಕಿ ನನ್ನನ್ನು ಗುರುತು ಹಿಡಿಯುತ್ತಿತ್ತು.

ಐದನೆಯ ವರ್ಷವೋ ಆರನೆಯ ವರ್ಷವೋ, ಜೂನ್ ತಿಂಗಳಲ್ಲಿ, ಟೀಚರ ಮನೆಯ ಕಪಾಟಿಗೆ ಒರಳೆ ಹಿಡಿಯಿತು. ಕೆಳಗಿನ ಖಾನೆಯಲ್ಲಿದ್ದ ಹಾಳೆಗಳ ಕಟ್ಟನ್ನು ಗೆದ್ದಲು ಜಾಲರಿ ಮಾಡಿಬಿಟ್ಟಿತ್ತು. ಟೀಚರ್ ಅಳುತ್ತಾ ಬರುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಹಾಳೆ ಹಿಡಿದುಕೊಂಡು ಓಡೋಡಿ ಬಂದರು, ಮುಖದಲ್ಲಿ ಪವಾಡ ಕಂಡವರ ಹೊಳಪು. ಹಾಳೆಯ ಅಂಚು ಹೋಗಿತ್ತು. ಕೊಂಬೆ ಹೋಗಿತ್ತು, ಹಣ್ಣು ಹೋಗಿತ್ತು, ಹಕ್ಕಿಯ ಕಂದು ತಲೆಯೂ ಅರ್ಧ ಹೋಗಿತ್ತು. ಹಸಿರು ಮೈ ಮಾತ್ರ ಒಂದು ಗರಿಯೂ ಕೆಡದೆ ಉಳಿದಿತ್ತು. ಗೆದ್ದಲು ಹಸಿರಿನ ಗೆರೆಯವರೆಗೆ ಬಂದು, ಅಲ್ಲಿಂದ ತಿರುಗಿ ಹೋಗಿತ್ತು.

"ನೋಡಿ ಸರ್, ಒರಳೆ ಸಹ ಮುಟ್ಲಿಲ್ಲ! ತಾಮ್ರ ಅಲ್ವಾ, ಹಾಗೆ!"

"ಹಾಗೇ ಇರ್ಬೇಕು" ಎಂದೆ. ಆದರೆ ಅವರು ಹೋದ ಮೇಲೆ ಬಹಳ ಹೊತ್ತು ಏನೋ ಕಸಿವಿಸಿ. ಏನನ್ನೂ ಬಿಡದ ಹುಳ ಇದನ್ನೇ ಏಕೆ ಬಿಟ್ಟಿತು? ನನ್ನ ಅಜ್ಜನ ತಮ್ಮ ಹಿಂದೆ ಯಕ್ಷಗಾನದ ಮೇಳದಲ್ಲಿದ್ದವರು. ಅವರ ಬಣ್ಣದ ಪೆಟ್ಟಿಗೆಯಲ್ಲಿ ಅರದಾಳ ಎಂಬ ಹಳದಿ ಕಲ್ಲಿತ್ತು, ಮಕ್ಕಳು ಮುಟ್ಟಿದರೆ ವಿಷ ಎಂದು ಕೈಗೆ ಹೊಡೆಯುತ್ತಿದ್ದರು. ಅದೇಕೆ ಆಗ ನೆನಪಾಯಿತೋ ಗೊತ್ತಿಲ್ಲ. ಮೌಲ್ಯಮಾಪನದ ಕೆಲಸವಿತ್ತು, ಮರೆತೆ.

ನಾನು ಮರೆತದ್ದನ್ನು ನನ್ನ ಹೆಂಡತಿ ನೋಡುತ್ತಿದ್ದಳು. ಒಂದು ಶುಭ ಶುಕ್ರವಾರ ಟೀಚರ್ ಇಗರ್ಜಿಯಿಂದ ಬಂದು ಕಂಪೌಂಡ್ ಗೋಡೆಯ ಬಳಿ ನಿಂತು ಅವಳ ಹತ್ತಿರ ಮಾತಾಡಿ ಹೋದರು. ಆ ದಿನ ಅವರಿಗೆ ಕಟ್ಟುನಿಟ್ಟಿನ ಉಪವಾಸ, ಒಲೆ ಹಚ್ಚುವುದಿಲ್ಲ. ಒಳಗೆ ಬಂದ ಹೆಂಡತಿ, "ಟೀಚರ ಬಾಯಲ್ಲಿ ಬೆಳ್ಳುಳ್ಳಿ ವಾಸನೆ ಬರ್ತದೆ" ಎಂದಳು.

"ಕದ್ದು ತಿಂದಿರ್ಬೇಕು. ಏಸುವಿಗೆ ಹೇಳ್ಬೇಡ" ಎಂದು ನಾನು ತಮಾಷೆ ಮಾಡಿದೆ.

ಅವಳು ನಗಲಿಲ್ಲ. "ಅವರ ಕೈ ನೋಡಿದ್ದೀರಾ ನೀವು? ಅಂಗೈ ತುಂಬ ರಾಗಿ ಕಾಳಿನ ಹಾಗೆ ಗಟ್ಟಿ ಗಂಟು. ಉಗುರಿನಲ್ಲಿ ಅಡ್ಡಕ್ಕೆ ಬಿಳಿ ಗೆರೆ. ಕಾಲು ಜೋಮು ಹಿಡೀತದೆ, ಹತ್ತಿಯ ಮೇಲೆ ನಡೆದ ಹಾಗೆ ಆಗ್ತದೆ ಅಂತ ಹೇಳಿದ್ರು."

"ಪ್ರಾಯ ಆಯ್ತಲ್ಲ. ಶುಗರ್ ಇರ್ಬಹುದು."

ಡಾಕ್ಟರು ಕೂಡ ಹಾಗೆಯೇ ಹೇಳಿದ್ದರು. ಶುಗರಿನ ಗುಳಿಗೆ, ವಿಟಮಿನ್ನಿನ ಗುಳಿಗೆ, ಕೈಗೆ ಹಚ್ಚಲು ಮುಲಾಮು. ಟೀಚರ್ ಮುಲಾಮು ಹಚ್ಚುತ್ತಿರಲಿಲ್ಲ, ಹಾಳೆಗೆ ಎಣ್ಣೆ ತಾಗುತ್ತದೆ ಎಂದು. ಕುತ್ತಿಗೆಯ ಕೆಳಗೆ ಚರ್ಮ ಕಪ್ಪಾಗಿ, ಅದರ ಮೇಲೆ ಧೂಳಿಗೆ ಮಳೆಹನಿ ಬಿದ್ದ ಹಾಗೆ ಬಿಳಿ ಚುಕ್ಕಿಗಳೆದ್ದವು. ಅದನ್ನೂ ತಮಾಷೆ ಮಾಡಿದರು: "ಗೆರೆಯವ ನನ್ನನ್ನು ಸಹ ಕೊರೀಲಿಕ್ಕೆ ಶುರು ಮಾಡಿದ್ದಾನೆ ಸರ್. ಬಣ್ಣ ಯಾರು ತುಂಬ್ತಾರೋ ಗೊತ್ತಿಲ್ಲ." ಆ ಮಳೆಗಾಲದಲ್ಲಿ ಅವರ ಮನೆಯೊಳಗೆ ಕಾಲಿಟ್ಟರೇ ಬೆಳ್ಳುಳ್ಳಿಯ ವಾಸನೆ ಹೊಡೆಯುತ್ತಿತ್ತು. ಅಡುಗೆಮನೆಯಲ್ಲಿ ಅಷ್ಟಿರಲಿಲ್ಲ, ಒದ್ದೆ ಗೋಡೆಗೆ ಒರಗಿಸಿಟ್ಟ ಹಕ್ಕಿಗಳ ಕೋಣೆಯಲ್ಲಿ ಹೆಚ್ಚು. ಬ್ರಶ್ ತೊಳೆಯುವ ಬಟ್ಟಲಿನ ಸುತ್ತ ಸತ್ತ ಇರುವೆಗಳು ಬಿದ್ದಿರುತ್ತಿದ್ದವು. ಇದೆಲ್ಲವನ್ನೂ ನಾನು ಕಣ್ಣಾರೆ ನೋಡಿದ್ದೇನೆ. ನೋಡಿಯೂ ಚಾ ಕುಡಿದು ಬಂದಿದ್ದೇನೆ.

ನಾನು ನಿವೃತ್ತನಾಗುವ ವರ್ಷ, ಒಂದು ಬೆಳಿಗ್ಗೆ, ನಮ್ಮ ಲ್ಯಾಬಿನ ಹಳೆಯ ಬೀರು ಖಾಲಿ ಮಾಡಿಸುತ್ತಿದ್ದೆ. ಸಿಲೆಬಸ್ಸಿನಿಂದ ಎಂದೋ ತೆಗೆದುಹಾಕಿದ ವಿಷದ ಬಾಟ್ಲಿಗಳು, ಬುರುಡೆಯ ಗುರುತಿನವು. ಹೊಸದಾಗಿ ಸೇರಿದ ಲೆಕ್ಚರರ್ ಹುಡುಗಿ ಒಂದನ್ನೆತ್ತಿ, "ಇದನ್ನು ಮಕ್ಕಳ ಕೈಯಲ್ಲಿ ಕೊಡ್ತಾ ಇದ್ರಾ ಸರ್?" ಎಂದಳು. ಅದು ಆರ್ಸೆನಿಕ್, ಎಂದರೆ ನಮ್ಮ ಪಾಷಾಣದ ಲವಣ. ನನ್ನ ಮೊದಲ ವರ್ಷಗಳಲ್ಲಿ ಅದರ ಪರೀಕ್ಷೆಯನ್ನು ನಾನೇ ಮಾಡಿ ತೋರಿಸುತ್ತಿದ್ದೆ. ಅವಳಿಗೂ ಒಮ್ಮೆ ತೋರಿಸೋಣ ಎಂಬ ಜಂಬ. ಟೆಸ್ಟ್‌ಟ್ಯೂಬಿನಲ್ಲಿ ಆ ದ್ರಾವಣ ತೆಗೆದುಕೊಂಡು ಮೈಲುತುತ್ತದ, ಎಂದರೆ ತಾಮ್ರದ ಲವಣದ ನೀರು ನಾಲ್ಕು ಹನಿ ಬಿಟ್ಟೆ.

ಹಸಿರು ಇಳಿಯಿತು. ಮೋಡದ ಹಾಗೆ ಮೆಲ್ಲಗೆ ತಳಕ್ಕೆ ಕೂತಿತು. "ಎಷ್ಟು ಚಂದ ಉಂಟಲ್ಲ ಸರ್!" ಎಂದಳು ಹುಡುಗಿ. ನಾನು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದು ಟೀಚರ ಗಿಳಿಯ ಹಸಿರು, ಒರಳೆ ಬಿಟ್ಟುಹೋದ ಹಸಿರು. ತಾಮ್ರ ಎಂದು ನಾನು ಹೇಳಿದ್ದು ಸುಳ್ಳಾಗಿರಲಿಲ್ಲ; ಅರ್ಧ ನಿಜವಾಗಿತ್ತು. ಉಳಿದ ಅರ್ಧ ಇಲಿಪಾಷಾಣ.

ಮರುದಿನ ಟೀಚರ ಮೇಜಿನಿಂದ, ಅವರು ಚಾ ತರಲು ಒಳಗೆ ಹೋದಾಗ, ಒಣಗಿದ ಹಸಿರನ್ನು ಉಗುರಿನಷ್ಟು ಕೆರೆದು ಕಾಗದದಲ್ಲಿ ಮಡಚಿ ಜೇಬಿಗೆ ಹಾಕಿದೆ. ಕಳ್ಳನ ಹಾಗೆ. ಲ್ಯಾಬಿನಲ್ಲಿ ಅದಕ್ಕೆ ಸತುವೂ ಆಸಿಡ್ಡೂ ಹಾಕಿ, ಟ್ಯೂಬಿನ ಬಾಯಿಗೆ ಬೆಳ್ಳಿ ಲವಣದ ಕಾಗದ ಮುಚ್ಚಿ ಕಾದೆ. ಕಾಗದ ಹಳದಿಯಾಯಿತು, ಆಮೇಲೆ ಕಪ್ಪಾಯಿತು. ಒಂಬತ್ತು ವರ್ಷದ ಹಿಂದೆ ನಾನು ಮಾಡಬೇಕಾಗಿದ್ದ ಅರ್ಧ ಗಂಟೆಯ ಕೆಲಸ ಅದು.

ಕೂಡಲೇ ಹೋಗಿ ಹೇಳಿದೆ ಎಂದು ಬರೆಯಬಹುದಿತ್ತು. ಹಾಗೆ ಮಾಡಲಿಲ್ಲ. ನಾಲ್ಕು ದಿನ ಬಿಟ್ಟೆ. ಹೇಗೆ ಹೇಳಿದರೆ ನನ್ನ ಹೆಸರು ಬರುವುದಿಲ್ಲ ಎಂದು ನಾಲ್ಕು ದಿನ ಯೋಚಿಸಿದೆ. ಆ ನಾಲ್ಕು ದಿನವೂ ಬೆಳಿಗ್ಗೆ ಎಂಟಕ್ಕೆ ಪಕ್ಕದ ಮನೆಯ ಬಡಗು ಕಿಟಕಿ ತೆರೆಯುವ ಸದ್ದು ಕೇಳಿಸುತ್ತಿತ್ತು. ಅವರು ಬ್ರಶ್ಶನ್ನು ಬಾಯಿಗೆ ಇಡುತ್ತಿದ್ದಾರೆ ಎಂದು ಗೊತ್ತಿದ್ದೂ ನಾನು ಪೇಪರ್ ಓದುತ್ತಿದ್ದೆ. ಐದನೆಯ ದಿನ ಹೆಂಡತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, "ಈಗಲೇ ಹೋಗಿ" ಎಂದಳು, ಅಷ್ಟೇ.

ಟೀಚರ್ ಒಂದು ಕುಟ್ರುವಿನ ಎದುರು ಕೂತಿದ್ದರು. ಮೈ ಮುಗಿದಿತ್ತು, ಕಣ್ಣು ಬಾಕಿ. ನಾನು ಬಾಗಿಲಲ್ಲೇ ನಿಂತು, "ಟೀಚರ್, ಬ್ರಶ್ ಬಾಯಿಗೆ ಹಾಕ್ಬೇಡಿ" ಎಂದೆ.

"ಯಾಕೆ ಸರ್? ತಾಮ್ರ ಅಲ್ವಾ?"

ಹೇಳಿದೆ. ಲ್ಯಾಬಿನಲ್ಲಿ ನೋಡಿದ್ದು, ಪಾಷಾಣ, ಅದರಿಂದಲೇ ಬಂದ ಕೈಯ ಗಂಟು, ಕಾಲಿನ ಜೋಮು, ಬೆಳ್ಳುಳ್ಳಿಯ ವಾಸನೆ, ಎಲ್ಲ ಒಂದೇ ಉಸಿರಿನಲ್ಲಿ. ಅವರು ತಲೆ ಓರೆ ಮಾಡಿಕೊಂಡು ಕೇಳಿದರು. ಬ್ರಶ್ಶನ್ನು ತುಟಿಯ ಹತ್ತಿರ ಒಯ್ದವರು ಅಲ್ಲೇ ತಡೆದು, ನೀರಲ್ಲಿ ತೊಳೆದು, ಬಟ್ಟೆಗೆ ಒರೆಸಿ, ಮಲಗಿಸಿಟ್ಟರು. ಆಮೇಲೆ, "ನಾನು ನಿಮ್ಮ ಹತ್ರ ಕೇಳಿದ್ದೆ ಅಲ್ವಾ ಸರ್" ಎಂದರು. ಬೈಗುಳ ಅಲ್ಲ, ದೂರು ಅಲ್ಲ. ನೆನಪು ಸರಿ ಉಂಟಾ ಎಂದು ವಿಚಾರಿಸುವ ದನಿ.

"ಕೇಳಿದ್ರಿ" ಎಂದೆ.

ಮರುದಿನ ನಾನೂ ಹೆಂಡತಿಯೂ ಅವರನ್ನು ಚರ್ಮದ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಕಾಯುವ ಕೋಣೆಯ ಗೋಡೆಯಲ್ಲಿ ಎರಡು ಹಸಿರು ಗಿಳಿಗಳು, ಕಾಕನ ಫ್ರೇಮಿನಲ್ಲಿ. ಟೀಚರ್ ಅವುಗಳ ಕೆಳಗೇ ಕೂತರು. "ನಮ್ಮವು" ಎಂದು ಹೆಂಡತಿಗೆ ಪಿಸುಗುಟ್ಟಿದರು. ಗಿಳಿಗಳು ಅವರ ತಲೆಯ ಮೇಲಿಂದ ನೇರ ನನ್ನನ್ನು ನೋಡುತ್ತಿದ್ದವು. ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ.

ಡಾಕ್ಟರ್ ಚಿಕ್ಕ ಪ್ರಾಯದ ಹೆಂಗಸು. ಅಂಗೈಯನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಎಡಗೈಯ ಒಂದು ಗಂಟು ಒಡೆದು ಹುಣ್ಣಾಗಿತ್ತು. ಅದನ್ನು ನೋಡುವಾಗ ಅವರ ಮುಖ ಬದಲಾಯಿತು. ಬಣ್ಣದ ಕತೆಯೆಲ್ಲ ಕೇಳಿ, ಸಿಟ್ಟೂ ಬೇಸರವೂ ಸೇರಿದ ದನಿಯಲ್ಲಿ ಹೇಳಿದರು:

"ಅಲ್ಲ ಅಮ್ಮ, ಎಲ್ಲಿಯದ್ದೋ ಹಳೆ ಬಣ್ಣ ಇಷ್ಟು ವರ್ಷ ಬಾಯಿಗೆ ಹಾಕಿದ್ದೀರಲ್ಲ. ಯಾರಾದ್ರೂ ಗೊತ್ತಿದ್ದವರ ಹತ್ರ ಒಂದು ಮಾತು ಕೇಳ್ಬಾರದಿತ್ತಾ?"

ನಾನು ಟೀಚರ ಪಕ್ಕದ ಕುರ್ಚಿಯಲ್ಲೇ ಇದ್ದೆ. ಟೀಚರ್ ನನ್ನ ಕಡೆ ತಿರುಗಲಿಲ್ಲ.

"ಕೇಳ್ಲಿಲ್ಲ ಡಾಕ್ಟ್ರೇ" ಎಂದರು. "ನನ್ನದೇ ತಪ್ಪು. ಕೇಳ್ಲಿಕ್ಕೆ ಯಾರೂ ಇರ್ಲಿಲ್ಲ."

ಬಾಯಿ ತೆರೆಯಬೇಕಾಗಿದ್ದದ್ದು ನಾನು. ತೆರೆಯಲಿಲ್ಲ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಮಾತಾಡುವ ಸರದಿ ನನ್ನದೆಂದು ಬಿಟ್ಟಿದ್ದಳು. ಡಾಕ್ಟರ್ ಚೀಟಿ ಬರೆದರು. ವಾಪಸು ರಿಕ್ಷಾದಲ್ಲಿ ಬರುವಾಗ ಟೀಚರ್ ರಸ್ತೆ ನೋಡುತ್ತಾ, "ಆ ದಿನ ನೀವು ಬಂದದ್ದು ಚಾ ಕುಡೀಲಿಕ್ಕೆ ಸರ್. ಅಷ್ಟೇ" ಎಂದರು. ನನಗೆ ಅಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ.

ನಾನು ಕುದ್ರೋಳಿಗೆ ಹೋಗಿ ಕಾಕನಿಗೆ ವಿಷಯ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟರು. "ಅಲ್ಲಾ... ನೀವೇ ತಾಮ್ರ ಅಂತ ಹೇಳಿದ್ದಲ್ವಾ ಮಾಷ್ಟ್ರೇ?" ಎಂದರು. ಬಳಿಕ ಒಳಗೆ ಹೋಗಿ, ಹಳೆಯ ಗಡಿಯಾರಗಳ ಹಿಂದಿನಿಂದ, ಅದೇ ತರದ ಇನ್ನೂ ಎರಡು ತುಂಬಿದ ಬಾಟ್ಲಿಗಳನ್ನು ತಂದಿಟ್ಟರು. ಟೀಚರದ್ದು ಮುಗಿದರೆ ಕೊಡಲೆಂದು ಜೋಪಾನ ಮಾಡಿದ್ದಂತೆ. ಅವನ್ನು ಬಟ್ಟೆಯಲ್ಲಿ ಸುತ್ತಿ ಲ್ಯಾಬಿಗೆ ಒಯ್ದು, ಬುರುಡೆಯ ಗುರುತಿನ ಬಾಟ್ಲಿಗಳ ಜೊತೆ ವಿಲೇವಾರಿಗೆ ಕೊಟ್ಟೆ. ಮಾರಿಹೋದ ಹಕ್ಕಿಗಳನ್ನು ಏನು ಮಾಡುವುದು? ಕಾಕನಿಗೆ ನೆನಪಿದ್ದ ಕಡೆಗೆಲ್ಲ ಇಬ್ಬರೂ ಹೋಗಿ ಹೇಳಿದೆವು, ಬೂಷ್ಟು ಹಿಡಿದರೆ ಆ ಹಸಿರು ವಿಷದ ಗಾಳಿ ಬಿಡುತ್ತದೆ, ಒದ್ದೆ ಗೋಡೆಗೆ ಹಾಕಬೇಡಿ, ಗಾಜು ತೆಗೆಯಬೇಡಿ ಎಂದು. ಕೆಲವರು ಇಳಿಸಿದರು. ಕೆಲವರು ನಕ್ಕರು. ಕಾಕನಿಗೆ ನೆನಪಿಲ್ಲದವು ಈಗಲೂ ಈ ಊರಿನ ಗೋಡೆಗಳ ಮೇಲಿವೆ, ಮಳೆಗಾಲದಲ್ಲಿ ಅವುಗಳ ಹಿಂದೆ ಬೂಷ್ಟು ಹಿಡಿಯುತ್ತಿರಬಹುದು.

ಕೈಯ ಹುಣ್ಣು ಮಾಯಲಿಲ್ಲ. ಅದು ಹುಣ್ಣಾಗಿರಲಿಲ್ಲ, ಕ್ಯಾನ್ಸರ್. ಆಮೇಲೆ ಅದು ಒಳಗೂ ಇಳಿಯಿತು. ತಂಗಿ ಕುವೈತಿನ ಕೆಲಸ ಬಿಟ್ಟು ಬಂದು ನೋಡಿಕೊಂಡರು. ಒಂದೂವರೆ ವರ್ಷ ಹಾಗೆ ನಡೆಯಿತು. ಮಂಚವನ್ನು ಬಡಗು ಕಿಟಕಿಯ ಬಳಿಗೇ ಎಳೆಸಿಕೊಂಡಿದ್ದರು. ಬಣ್ಣ ಮುಟ್ಟಲಿಲ್ಲ, ಆದರೆ ಅತ್ತಿಮರದಲ್ಲಿ ಕುಟ್ರು ಕೂಗಿದರೆ ತಲೆ ಓರೆ ಮಾಡಿ ಕೇಳುತ್ತಿದ್ದರು. ನಾನು ದಿನಾ ಹೋಗುತ್ತಿದ್ದೆ. ಪ್ರತಿ ದಿನ ಕ್ಷಮೆ ಕೇಳಬೇಕೆಂದು ಹೋಗಿ, ಪ್ರತಿ ದಿನ ಪೇಪರ್ ಓದಿ ಹೇಳಿ ಬರುತ್ತಿದ್ದೆ.

ಕೊನೆಯ ವಾರಗಳಲ್ಲಿ ಒಂದು ಮಧ್ಯಾಹ್ನ ತಂಗಿಯಿಂದ ಆ ಕುಟ್ರುವಿನ ಹಾಳೆ ತರಿಸಿದರು. ನಾನು ಬಾಗಿಲಲ್ಲಿ ನಿಂತು ತಡೆದ ದಿನ ಮೇಜಿನ ಮೇಲಿದ್ದದ್ದು. ಮೈಯೆಲ್ಲ ತುಂಬಿ, ಕಣ್ಣಿನ ಜಾಗದಲ್ಲಿ ಗೆರೆಯವನ ಬರೀ ಉಂಗುರ. "ಇದು ನಿಮಗೆ. ಗಾಜು ಹಾಕಿಸಿ ಇಟ್ಟುಕೊಳ್ಳಿ" ಎಂದರು.

ಇದೇ ಸಮಯವೆಂದು, "ಟೀಚರ್, ಆ ದಿನ ಡಾಕ್ಟರ ಎದುರು ನಾನು ಹೇಳ್ಬೇಕಿತ್ತು" ಎಂದು ಶುರು ಮಾಡಿದೆ. ಅವರು ಕೈ ಎತ್ತಿ, ತರಗತಿಯಲ್ಲಿ ಮಕ್ಕಳನ್ನು ಸುಮ್ಮನಾಗಿಸುವ ಹಾಗೆ, ಸಾಕು ಎಂದು ಸನ್ನೆ ಮಾಡಿದರು. ಏನು ಹೇಳುವುದೆಂದು ತೋಚದೆ ನಾನು ಬೇರೆ ಮಾತು ತೆಗೆದೆ: "ಕಣ್ಣು ಒಂದು ಬಾಕಿ ಉಂಟಲ್ಲ. ಕಂದು, ಕಪ್ಪು, ಬಿಳಿ ಬೇರೆ ಬಣ್ಣ, ಅದರಲ್ಲಿ ವಿಷ ಇಲ್ಲ. ನಾನು ಬ್ರಶ್ ತೊಳೆದು ಕೊಡ್ತೇನೆ. ಅದೊಂದು ಮುಗಿಸಿ ಕೊಡಿ."

ಅವರ ಬಲಗೈಗೆ ಅಷ್ಟು ಶಕ್ತಿ ಇನ್ನೂ ಇತ್ತು. ಆ ಬೆಳಿಗ್ಗೆಯೇ ತಂಗಿ ತಂದ ಮದ್ದಿನ ಡಬ್ಬಿಗಳ ಮೇಲೆ ಹೆಸರು ಬರೆದುಕೊಟ್ಟಿದ್ದರು, ಅಚ್ಚಿನಂಥ ಅಕ್ಷರ. ಟೀಚರ್ ಹಾಳೆಯನ್ನೂ ನನ್ನನ್ನೂ ನೋಡಿದರು.

"ಬೇಡ ಸರ್. ಕಣ್ಣಿಟ್ಟರೆ ಅದು ನಿಮ್ಮನ್ನು ನೋಡ್ತಾ ಇರ್ತದೆ. ನಿಮಗೆ ಕಷ್ಟ ಆಗ್ತದೆ. ಹೀಗೇ ಇರ್ಲಿ."

ಹಾಳೆಯ ಮೇಲೆ ತೆಳು ಬಟ್ಟೆ ಹೊದಿಸಿ ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡು ಮನೆಗೆ ಬಂದೆ.